ಎರಡನೆಯ ಏಟು

ಇಸಾಲ್ಮಿ, ನವೆಂಬರ್ 14

ಪ್ರೀತಿಯ ತೈನಾ,

ಮೇಲಿನ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳುವಷ್ಟು ಹೊತ್ತೂ ನೀನು ತಲೆ ಎತ್ತಲಿಲ್ಲ. ಆಮೇಲೆ ನಿನ್ನ ಹತ್ತಿರ ಬರಲು ಕಾವಲಿನವರು ಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆ ಬಂದು ನಿನ್ನ ಪರ ನಿಲ್ಲುತ್ತಾಳೆಂದು ನೀನು ಎಣಿಸಿರಲಾರೆ. ಹೆಂಗಸರ ಆಶ್ರಯಮನೆಯ ಸಿರ್ಪಾ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಬೂಟು ಬಿಚ್ಚಿ ಅಡುಗೆಮನೆಯಲ್ಲಿ ಕೂತವಳು ಎರಡು ಸಲ ಕಾಫಿ ಕುಡಿದರೂ ವಿಷಯ ಎತ್ತಲಿಲ್ಲ. ಕೊನೆಗೆ, "ಹಿಲ್ಕಾ, ಮಗನ ವಿರುದ್ಧ ನಿಲ್ಲಿ ಅಂತ ಕೇಳೋಕೆ ಬಂದಿಲ್ಲ. ನೀವು ಕಣ್ಣಾರೆ ಕಂಡಿದ್ದೇನಾದ್ರೂ ಇದ್ರೆ ಅಷ್ಟು ಹೇಳಿ, ಸಾಕು" ಅಂದಳು.

"ಎರಡೂ ಒಂದೇ ಕಣಮ್ಮ" ಎಂದೆ. ಅವಳು ಲೋಟ ತೊಳೆದಿಟ್ಟು ಹೋದಳು.

ಕಂಡಿದ್ದೆನಲ್ಲ. ನಡುಬೇಸಿಗೆಯ ಹಬ್ಬಕ್ಕೆ ಸರೋವರದ ದಂಡೆಗೆ ಹೋದಾಗ ಯೋರ್ಮಾ ನಿನ್ನನ್ನು ಹಬೆಸ್ನಾನದ ಸೌನಾ ಮನೆಯ ಬಾಗಿಲಿಗೆ ಒತ್ತಿ ಕುತ್ತಿಗೆ ಹಿಸುಕುತ್ತಿದ್ದ. ಬಕೆಟ್ಟಿನ ನೀರನ್ನು ಅವನ ಮುಖಕ್ಕೆ ಎರಚಿದೆ. ಕೈ ಬಿಟ್ಟು ನಕ್ಕ. "ತಮಾಷೆಗಮ್ಮ" ಅಂದ. ನಿನ್ನ ತುಟಿ ನೀಲಿಗಟ್ಟಿತ್ತು. ನ್ಯಾಯಾಧೀಶರ ಮುಂದೆ ಹೇಳಿದ್ದು ಇಷ್ಟನ್ನೇ.

ಆಗಲೇ ಸರ್ಕಾರಿ ವಕೀಲ ಎದ್ದದ್ದು. ಅವನಿಗೆ ನೀನು ಒಲೆಯ ಪಕ್ಕದ ಸೌದೆ ಎತ್ತಿಕೊಂಡು ಯೋರ್ಮಾನಿಗೆ ಹೊಡೆದ ಆ ಒಂದು ಸಂಜೆ ಮಾತ್ರ ಬೇಕಿತ್ತು. "ಎರಡನೇ ಏಟು ಬಿದ್ದಾಗ ನಿಮ್ಮ ಮಗ ಆಗ್ಲೇ ನೆಲದ ಮೇಲಿದ್ರಲ್ವಾ?"

"ಇದ್ದ. ಎದ್ದಿದ್ರೆ ಏನಾಗ್ತಿತ್ತು ಅಂತ ಅವಳಿಗೆ ಗೊತ್ತಿತ್ತು. ನಂಗೂ ಗೊತ್ತು. ನಿಮಗೊಬ್ರಿಗೇ ಗೊತ್ತಿಲ್ಲ."

ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ನ್ಯಾಯಾಧೀಶರು ಗದರಿದರು.

ಕೆಳಗಿನ ಕೋರ್ಟು ಕೊಲೆಯತ್ನ ಎಂದಿತ್ತು. ಇವರು, ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದು ನಿಜ, ಆದರೆ ಮಿತಿ ಮೀರಿತು ಎಂದರು. ಹಿಮ ಕರಗುವ ಹೊತ್ತಿಗೆ ನೀನು ಹೊರಗೆ ಬರುತ್ತೀಯಂತೆ. ಮೆಟ್ಟಿಲ ಮೇಲೆ ಸಿರ್ಪಾ ನನ್ನನ್ನು ಅಪ್ಪಿಕೊಂಡು, ಗೆದ್ದೆವು ಎಂದಳು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಐಲಿ ಶಾಲೆಗೆ ಸೇರಿದಳು, ಮುಂದಿನ ಹಲ್ಲು ಬಿದ್ದವು, ಓದಲು ಕಲಿತಳು, ಒಂದಕ್ಕೂ ನೀನಿರಲಿಲ್ಲ. ಉಸಿರು ಉಳಿಸಿಕೊಳ್ಳಲು ಎಷ್ಟು ಹೊಡೆಯಬಹುದೆಂದು ಅಳೆದು ಹೇಳುವವರು, ಮಗಳಿಂದ ಕಿತ್ತುಕೊಂಡ ಈ ಕಾಲವನ್ನು ಯಾವುದರಿಂದ ಅಳೆಯುತ್ತಾರೋ.

ಹೊರಗೆ ಬಂದ ಮೇಲೆ ನಿನಗೆ ಆಶ್ರಯಮನೆಯಲ್ಲಿ ಕೋಣೆ ಇದೆ, ಸಿರ್ಪಾ ಮಾತು ಕೊಟ್ಟಿದ್ದಾಳೆ. ಹೊಟ್ಟೆ ತುಂಬ ಊಟ ಮಾಡು. ಕೋರ್ಟಿನಲ್ಲಿ ನಿನ್ನ ಮಣಿಕಟ್ಟು ನೋಡಿ ಸಂಕಟವಾಯಿತು.

ನಿನ್ನ ಅತ್ತೆ,
ಹಿಲ್ಕಾ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ: ಐಲಿ ನನ್ನ ಹತ್ತಿರವಿರದೆ ನಿನ್ನ ತಂಗಿಯ ಮನೆಯಲ್ಲಿ ಏಕಿದ್ದಾಳೆಂದು ನೀನು ಕೇಳಿದ್ದೆ. ಮಂಡಿನೋವೆಂದು ತಿಳಿಸಿದ್ದೆ. ಅದು ಸುಳ್ಳು. ಯೋರ್ಮಾ ಇಲ್ಲಿದ್ದಾನೆ. ಆ ಏಟಿನಿಂದ ಅವನ ಬಲಗೈ ಏಳುವುದಿಲ್ಲ; ಬ್ರೆಡ್ಡಿಗೆ ಬೆಣ್ಣೆ ನಾನೇ ಸವರಿ ಕೊಡಬೇಕು. ಸಾಕ್ಷಿ ಹೇಳಿ ಬಂದಂದಿನಿಂದ ನನ್ನೊಡನೆ ಮಾತಿಲ್ಲ. ಕೊಟ್ಟದ್ದನ್ನು ತಿನ್ನುತ್ತಾನೆ. ನೀನು ಈ ಮನೆ ಬಾಗಿಲಿಗೆ ಬರಬೇಡ. ಇದೆಲ್ಲ ತಿಳಿದ ಮೇಲೂ ನೀನು ನನ್ನನ್ನು ಬಾ ಅನ್ನುವುದಾದರೆ, ನಾನೇ ನಿನ್ನಲ್ಲಿಗೆ ಬರುತ್ತೇನೆ.