ಎಡಗೈಗೆ ಆರು ತಂತಿ

ಚಾಮರಾಜನಗರ
೧೦ ನವೆಂಬರ್, ಸೋಮವಾರ

ಮುದ್ದಿನ ತಮ್ಮ ಸಿದ್ದಾರ್ಥ,

ನಿನಗೆ ಗಿಟಾರ್ ಬರುತ್ತದೆ ಕಣೋ, ಖಂಡಿತ ಬರುತ್ತದೆ, ತಂತಿಗಳನ್ನು ತಿರುಗಿಸಿ ಕಟ್ಟಿದರೆ ಸಾಕು! ಇನ್ನು ಕ್ಷೇಮ ಸಮಾಚಾರ. ಕೆಮ್ಮು ವಾಸಿಯಾಯಿತಾ? ಮೈಸೂರಿನ ಹಾಸ್ಟೆಲ್ ಊಟ ಹಿಡಿಸುತ್ತಿದೆಯಾ? ಗಿಟಾರ್ ಮೇಷ್ಟ್ರು 'ನಿನ್ನ ಬಲಗೈಗೆ ತಾಳವೇ ಇಲ್ಲ' ಅಂದಮೇಲೆ ನೀನು ನನ್ನ ಫೋನನ್ನೂ ಎತ್ತುತ್ತಿಲ್ಲ. ಈ ಭಾನುವಾರ ಗಿಟಾರನ್ನು ನಿನ್ನ ಕ್ಲಾಸಿನ ಸುನೀಲ್ ಕುಮಾರನಿಗೆ ಕೊಟ್ಟುಬಿಡುತ್ತೀಯೆಂದು ಅಮ್ಮ ಹೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಮೊನ್ನೆ ಭೀಮನಬೀಡಿಗೆ, ನನ್ನ ಅತ್ತೆಯ ಮನೆಗೆ ಹೋಗಿದ್ದೆವು. ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು, ಈರುಳ್ಳಿ ಲಾರಿಗಳ ನಡುವೆ ತಮ್ಮ ಗಿಟಾರ್ ಹೊತ್ತು ನಡೆದ ನಿನ್ನ ಭಾವ ಮಲ್ಲೇಶ್ (ಎಷ್ಟು ಚೆನ್ನಾಗಿ ಕಾಣುತ್ತಿದ್ದರು ಗೊತ್ತಾ!) ಮೂರು ವಾರದಿಂದ ನನಗೂ ಕಲಿಸುತ್ತಿದ್ದಾರೆ. ಅತ್ತೆ ಚಿಕ್ಕಮಲ್ಲಮ್ಮ ಜಗುಲಿಯಲ್ಲಿ ಹೂ ಕಟ್ಟುತ್ತಿದ್ದರು. ನಿನ್ನ ಕಥೆ ಹೇಳುತ್ತಾ ನಾನು ಅತ್ತೇಬಿಟ್ಟೆ. ಅವರು ತಲೆ ಎತ್ತದೆ ಕೇಳಿದರು: "ಅಮ್ಮಿ, ನಿನ್ ತಮ್ಮ ಕಲ್ಲ ಯಾವ್ ಕೈಲಿ ಎಸೀತಾನೆ?" ಎಡಗೈಯಲ್ಲಿ ಅಂದೆ. "ಇನ್ನೇನ್ ಮತ್ತೆ! ತಂತಿ ತಿರುಗ್ಸಿ ಕಟ್ಕೊಡದ ಬುಟ್ಟು ಅಳ್ತಾ ಕೂತವ್ಳೆ. ನಂಗೂವೆ ಎಡಚಿ ಅಂತ ಮೊಟಕ್ತಿದ್ರು ಕಣಮ್ಮಿ. ಈಗ ಈ ಕೈಲಿ ನಾ ಕಟ್ಟೋವಷ್ಟು ಹೂವ ನೀವಿಬ್ರೂ ಸೇರಿ ಕಟ್ಟಿ, ನೋಡನ."

ಮಲ್ಲೇಶ್ ಕೂಡಲೇ ಆರೂ ತಂತಿ ಬಿಚ್ಚಿ, ದಪ್ಪ ತಂತಿ ಕೂರಲೆಂದು ಗಿಟಾರಿನ ಕತ್ತಿನ ತುದಿಯ ಪಟ್ಟಿಯ ಗೀರನ್ನು ಅರದಿಂದ ಹಿಗ್ಗಿಸಿ, ಹಿಂದುಮುಂದಾಗಿ ಕಟ್ಟಿದರು. ಗಿಟಾರನ್ನು ಅತ್ತೆಯ ಮಡಿಲಿಗಿಟ್ಟು, ಪಕ್ಕದಲ್ಲಿ ಕೂತು ತಾವೇ ಒಂದು ಕಾರ್ಡ್‌ನ ಸ್ವರಗಳನ್ನು ಒತ್ತಿ ಹಿಡಿದರು. ಹೂವಿನ ಹಸಿರು ಮೆತ್ತಿದ ಎಡ ಹೆಬ್ಬೆರಳು ತಂತಿಗಳ ಮೇಲೆ ಇಳಿಯಿತು. ಮತ್ತೆ ಇಳಿಯಿತು. ಸಿದ್ದು, ಮಾಲೆಯಲ್ಲಿ ಹೂವಿಗೂ ಹೂವಿಗೂ ಇರುವಷ್ಟೇ ಅಂತರ, ಒಂದು ಕೂದಲೆಳೆ ಆಚೀಚೆಯಿಲ್ಲ! ಜೀವಮಾನದಲ್ಲಿ ಗಿಟಾರ್ ಮುಟ್ಟದ ಕೈ ಅದು. ಅತ್ತೆ ತಮ್ಮ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

ನೀನು ಹೊಸಬನ ಹಾಗೆ ಮೊದಲಿಂದ ಶುರುಮಾಡು. ಇನ್ನು ಒತ್ತುವುದು ಬಲಗೈ, ಅದರ ಉಗುರು ಕತ್ತರಿಸು. ಫ್ರೆಟ್‌ನ ಲೋಹದ ಗೆರೆಯ ಮಗ್ಗುಲಲ್ಲೇ ಒತ್ತು, ದೂರ ಒತ್ತಿದರೆ ತಂತಿ ಗುಂಯ್‌ಗುಡುತ್ತದೆ. ಎರಡೇ ಕಾರ್ಡ್, ನಿಧಾನವಾಗಿ ಬದಲಿಸು. ಹಾಡಿನ ಆಸೆ ಆಮೇಲೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಒಂದು ದಿನವೂ ತಪ್ಪಿಸಬೇಡ. ಬೆರಳ ತುದಿ ಉರಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ (ನನ್ನದು ಆಗಿದೆ!).

ಭಾವನ ಪ್ರೀತಿ, ಅತ್ತೆಯ ಆಶೀರ್ವಾದ ನಿನ್ನ ಎರಡೂ ಕೈಗಳಿಗೆ.

ನಿನ್ನ ಅಕ್ಕ,
ರೂಪಶ್ರೀ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಚಿಕ್ಕವನಿದ್ದಾಗ ನೀನು ಎಡಗೈಗೆ ಪೆನ್ಸಿಲ್ ತೆಗೆದುಕೊಂಡಾಗಲೆಲ್ಲ 'ಅಮ್ಮಾ, ನೋಡಿಲ್ಲಿ' ಎಂದು ಕೂಗುತ್ತಿದ್ದವಳು ನಾನು. ನೀನು ಕೈಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದೆ, ನಾನು ನಗುತ್ತಿದ್ದೆ. ತಪ್ಪಾಯಿತು ಕಣೋ. ಗಿಟಾರನ್ನು ಯಾರಿಗೂ ಕೊಡಬೇಡ. ಹೊಸ ತಂತಿ, ಅರ, ನಿನ್ನ ಭಾವ, ಎಲ್ಲವನ್ನೂ ಎತ್ತಿಕೊಂಡು ಬರುತ್ತಿದ್ದೇನೆ. ಶನಿವಾರ, ಚಾಮರಾಜನಗರದಿಂದ ಹೊರಡುವ ಬೆಳಗಿನ ಮೈಸೂರು ಪ್ಯಾಸೆಂಜರ್.