ನೂರಿಪ್ಪತ್ತು ಹೇರ್‌ಪಿನ್

೪ ಆಗಸ್ಟ್, ಸೋಮವಾರ

ಇಂದೂ ವಿಜ್ಞಾನ ಕೂಟಕ್ಕೆ ನಾನೂ ಸೇರಿ ಒಂಬತ್ತೇ ಹುಡುಗಿಯರು. ಸಾಕು. ಶಾಲೆ ಬಿಟ್ಟ ಮೇಲೆ ಲ್ಯಾಬ್ ನಮ್ಮದೇ. ವಿಜ್ಞಾನದ ಇಂಗಳೆ ಮ್ಯಾಡಂ ಬೀಗದ ಕೈ ನನಗೇ ಕೊಡುತ್ತಾರೆ—ಗೆಳತಿ ನಸೀಮಾಗೆ ಹೊಟ್ಟೆಕಿಚ್ಚು. ನಮ್ಮ ಇಚಲಕರಂಜಿಯಲ್ಲಿ ಮಗ್ಗವಿಲ್ಲದ ಓಣಿಯಿಲ್ಲ, ಮಗ್ಗಕ್ಕೆ ಕೈ ಹಾಕುವ ಹುಡುಗಿ ಒಬ್ಬಳೂ ಇಲ್ಲ. ಇನ್ನು ಮೇಲೆ ಒಬ್ಬಳಿದ್ದಾಳೆ, ನಾನು.

ನಮ್ಮ ಯಂತ್ರ ನಡೆಯಿತು. ಮಗ್ಗದ ಹಾಸಿನಲ್ಲಿ, ಅಂದರೆ ಉದ್ದ ನೂಲಿನಲ್ಲಿ, ಎಳೆಗೊಂದರಂತೆ ಹೇರ್‌ಪಿನ್ ತೂಗುಹಾಕುವುದು. ಎಳೆ ಹರಿದರೆ ಪಿನ್ ಕೆಳಗಿನ ಎರಡು ತಾಮ್ರದ ಪಟ್ಟಿಗಳ ಮೇಲೆ ಬೀಳುತ್ತದೆ, ದೀಪ ಹತ್ತುತ್ತದೆ. ಅಷ್ಟೇ. ಪಿನ್ನು ಆಯಿಯ ಹಳೇ ಡಬ್ಬಿಯವು. ಉಪಾಯ ನನ್ನದು.

೫ ಆಗಸ್ಟ್

ಊಟದ ಹೊತ್ತಿಗೆ ಬಾಬಾಗೆ ಹೇಳಿದೆ. ನಾಲ್ಕು ಮಗ್ಗ ನಡೆಸುವವರು—ಭಾಕರಿ ಮುರಿಯುತ್ತ ನಕ್ಕರು.

"ಮಗಳ, ಇಪ್ಪತ್ತೆರಡ ವರ್ಷ ಆತು. ನನ್ನ ಕಣ್ಣ ಅದಾವಲ್ಲ, ನಿನ್ನ ದೀಪ ಯಾಕ ಬೇಕು?"

"ಅದಾವ, ಅದಾವ," ಎಂದಳು ಆಯಿ. "ನಿನ್ನೆ ಚಹಾಕ್ಕ ಉಪ್ಪ ಹಾಕ್ಕೊಂಡ್ರಿ."

ಬಾಬಾ ಮುಖ ಗಂಟಿಕ್ಕಿದರು. ಆಮೇಲೆ ಷರತ್ತು. ಭಾನುವಾರ ಒಂದು ಪಾಳಿ ಅವರ ಮಗ್ಗದ ಮೇಲೆ ನಡೆಸಿ ತೋರಿಸಬೇಕು. ಆಗದಿದ್ದರೆ ಕೂಟ ಬಂದ್. ಶಾಲೆ ಬಿಟ್ಟೊಡನೆ ಮನೆ, ಲಾಳಿಯ ಕಂಡಿಕೆಗೆ ನೂಲು ಸುತ್ತುವುದು.

ಒಪ್ಪಿದೆ. ಸೋಲುವವಳು ನಾನಲ್ಲ.

೧೦ ಆಗಸ್ಟ್, ಭಾನುವಾರ

ಸೋತೆ.

ಆಯಿಯ ಪಿನ್ನು ಸಾಲದೆ ಅಂಚಿನ ನೂರಿಪ್ಪತ್ತು ಎಳೆಗೂ ಬಜಾರಿನ ಹೊಸ ಪಿನ್. ಬಾಬಾ ಪರೀಕ್ಷೆಗೆಂದು ಒಂದು ಎಳೆ ಕತ್ತರಿಸಿದರು. ಪಿನ್ ಬಿತ್ತು. ದೀಪ ಹತ್ತಲಿಲ್ಲ. ಇನ್ನೊಂದು... ಊಹೂಂ.

ಪಕ್ಕದ ಮಗ್ಗದ ರಾವಸಾಹೇಬ ಕಾಕಾ, "ಪಿನ್ನ ತಲಿಗಿ ಹಾಕ್ಕೊ ಶರಯೂ, ಚಂದ ಕಾಣ್ತಿ," ಎಂದರು. ಮಗ್ಗದ ಶೆಡ್ಡೆಲ್ಲ ನಕ್ಕಿತು. ಬಾಬಾ ಮಾತ್ರ ನಗಲಿಲ್ಲ. ಅದೇ ಜಾಸ್ತಿ ನೋವಾಯಿತು.

೧೪ ಆಗಸ್ಟ್

ನಾಲ್ಕು ದಿನ ಕಂಡಿಕೆ. ಕೈ ಸುತ್ತುತ್ತಿತ್ತು, ತಲೆ ಪಿನ್ನಿನಲ್ಲೇ.

ಇಂದು ಆಯಿಯ ಪಿನ್, ಬಜಾರಿನ ಪಿನ್ ಪಕ್ಕಪಕ್ಕ ಇಟ್ಟು ನೋಡಿದೆ. ಆಯಿಯದು ಸವೆದು ಬೋಳು. ಹೊಸದಕ್ಕೆ ಮಿರಮಿರ ಕಪ್ಪು ಬಣ್ಣ. ಬಣ್ಣ ಕರೆಂಟ್ ಹಾಯಲು ಬಿಡುವುದಿಲ್ಲ. ಏಳನೇ ಕ್ಲಾಸಿನ ಪಾಠ—ನನ್ನ ಬುದ್ಧಿಗೆ ಏನು ಬಡಿದಿತ್ತೋ.

೧೬ ಆಗಸ್ಟ್

ನಸೀಮಾ ಉಳಿದ ಏಳೂ ಜನರನ್ನು ಕಟ್ಟಿಕೊಂಡು ಮನೆಗೇ ಬಂದಳು. "ನೀ ಕೂಟಕ್ಕ ಬರಂಗಿಲ್ಲ ಅಂದ್ರ ಕೂಟನ ನಿನ್ನ ಕಡೆ ಬರ್ತೈತಿ. ಚಹಾ ಮಾಡು." ಸ್ಯಾಂಡ್‌ಪೇಪರ್ ಹಿಡಿದು ಕೂತೆವು. ಪಡಸಾಲೆ ತುಂಬ ಕಪ್ಪು ಪುಡಿ.

ಬಾಬಾ ಬಾಗಿಲಲ್ಲಿ ನಿಂತು ನೋಡಿದರು. "ನಾಳೆ ಒಂದ ಸಲ. ಮತ್ತ ಕೇಳಬ್ಯಾಡ."

೧೭ ಆಗಸ್ಟ್, ಭಾನುವಾರ, ಮಧ್ಯಾಹ್ನ

ಶೆಡ್ಡಿನಲ್ಲೇ ಕೂತು ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ದೀಪ ಹತ್ತಿತು. ಯಾರೂ ಎಳೆ ಕತ್ತರಿಸಿರಲಿಲ್ಲ. ಬಾಬಾ ಮಗ್ಗ ನಿಲ್ಲಿಸಿ ಬಗ್ಗಿದರು. ಇನ್ನೂ ಬಗ್ಗಿದರು.

"ಏನೂ ಹರದಿಲ್ಲ. ನಿನ್ನ ದೀಪ ಸುಳ್ಳ ಹೇಳ್ತೈತಿ."

ಹರಿದ ಎಳೆ ನನಗೆ ಕಾಣುತ್ತಿತ್ತು, ಇಷ್ಟುದ್ದ. ಅವರ ಬೆರಳು ಹಿಡಿದು ಹರಿದ ತುದಿಯ ಮೇಲೆ ಇಟ್ಟೆ. ಬೆರಳು ಅಲ್ಲೇ ನಿಂತಿತು. ಮುಟ್ಟಿ ಮುಟ್ಟಿಯೇ ಗಂಟು ಹಾಕಿದರು.

"ಆಯಿಗಿ ಹೇಳಬ್ಯಾಡ," ಎಂದರು ಕಿವಿಯ ಹತ್ತಿರ. ಮಗ್ಗ ಮತ್ತೆ ಶುರು ಮಾಡಿ, "ನಾಳಿಂದ ಕೂಟಕ್ಕ ಹೋಗು. ಉಳದ ಮೂರ ಮಗ್ಗಕ್ಕ ಯಾವಾಗ ಹಾಕ್ತಿ?"

ಈಗ ಷರತ್ತು ನನ್ನದು. "ನೀವು ಕನ್ನಡಕ ಹಾಕಿಸ್ಕೊಂಡ ಮ್ಯಾಲ, ಬಾಬಾ."

ಬೈಯುತ್ತಾರೆ ಅಂದುಕೊಂಡೆ. ಈಗ ರಾವಸಾಹೇಬ ಕಾಕಾನ ಹತ್ತಿರ ನಿಂತು ಕಣ್ಣಿನ ಡಾಕ್ಟರು ಯಾರು ಅಂತ ಕೇಳುತ್ತಿ— ದೀಪ ಹತ್ತಿತು!