ನ್ಯಾಲಾಳ ಸೊಂಟ

ಮಾರ್ಚ್ 4, ಬೆಳಿಗ್ಗೆ 5.40

ಇವತ್ತೂ ನ್ಯಾಲಾಳನ್ನು ಎತ್ತಿಯೇ ಜೀಪಿಗೆ ಹತ್ತಿಸಿದೆ. ಮೂವತ್ತೈದು ಕೆಜಿ. ಹಿಂಗಾಲು ಊರಲೇ ಇಲ್ಲ. ಎಂಟು ವರ್ಷ ಈ ಕಾಡಿನಲ್ಲಿ ಘೇಂಡಾಮೃಗ ಕೊಲ್ಲುವವರ ಜಾಡು ಹಿಡಿದ ನಾಯಿ — ಈಗ ಉಚ್ಚೆಗೆ ಕೂರುವಾಗಲೂ ನರಳುತ್ತಾಳೆ.

ಈ ರಕ್ಷಿತಾರಣ್ಯದ ಮ್ಯಾನೇಜರ್ ವಿಸಾಗಿ ಕಾಫಿ ಕಲಕುತ್ತಾ ನೋಡಿದ. "ಒಂದು ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡು ರುಲಾನಿ. ಹೊಸ ಮರಿ ತರಿಸ್ತೀನಿ." ಟಯರ್ ಬದಲಿಸುವ ಹಾಗೆ.

ಮಾರ್ಚ್ 6

ನ್ಯಾಲಾಳನ್ನು ಪೊಲೊಕ್ವಾನೆ ಪೇಟೆಯ ಪಶು ಆಸ್ಪತ್ರೆಗೆ ತೋರಿಸಿಬಂದೆ. ಡಾಕ್ಟರ್ ರಾಮಾನೊ ಎಕ್ಸ್‌ರೇ ತೋರಿಸಿದರು. ಸೊಂಟದ ಎರಡೂ ಕೀಲು ಸವೆದಿವೆ. ಸ್ಟೆಮ್ ಸೆಲ್ ಪ್ರಯೋಗ ನಡೆಸುತ್ತಿದ್ದಾರಂತೆ. ಅವಳದೇ ಹೊಟ್ಟೆಯ ಕೊಬ್ಬು ಒಂದು ಚೂರು ತೆಗೆಯುವುದು, ಅದರೊಳಗಿನ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುವುದು, ಕೀಲಿಗೆ ಚುಚ್ಚುವುದು. ಎದುರಿಗೆ ಕೂತಿದ್ದ ಅಜ್ಜಿಯ ಮಡಿಲಲ್ಲಿ ಬೆಕ್ಕು. ಬಾಯಿ ತುಂಬ ಹುಣ್ಣು. ಅದಕ್ಕೂ ಇದೇ ಚಿಕಿತ್ಸೆ.

ವಾಸಿಯಾಗುತ್ತದಾ ಅಂತ ಕೇಳಿದೆ. "ನೋವು ಕಮ್ಮಿ ಆಗಬಹುದಮ್ಮ. ಆಗದೇನೂ ಇರಬಹುದು. ಕೀಲು ಮಾತ್ರ ಹೊಸದಾಗಲ್ಲ." ಸುಳ್ಳು ಹೇಳಲಿಲ್ಲ, ಪುಣ್ಯಾತ್ಗಿತ್ತಿ.

ವಿಸಾಗಿಗೆ ಫೋನ್ ಮಾಡಿದೆ. ಏನಾದರೂ ಮಾಡಿಕೋ, ಎದ್ದರೆ ನಿನಗೇ ಇರಲಿ ಅಂದ. ಬರೆಸಿಕೊಳ್ಳಲಿಲ್ಲ. ಪೆದ್ದಿ ನಾನು.

ಏಪ್ರಿಲ್ 2

ಎರಡೂ ಕೀಲಿಗೆ ಚುಚ್ಚಿದರು. ಅರಿವಳಿಕೆಯ ಅಮಲು ಇಳಿಯುವಾಗ ಮೂಗಿನಿಂದ ನನ್ನ ಕೈ ಹುಡುಕಿದಳು.

ಏಪ್ರಿಲ್ 19

ಏನೂ ಇಲ್ಲ. ಅದೇ ಕುಂಟು. ಡಾಕ್ಟರ ಮೇಲೆ ಸಿಟ್ಟು, ನನ್ನ ಮೇಲೆ ಇನ್ನೂ ಸಿಟ್ಟು. ಹೊಟ್ಟೆ ಕೊಯ್ಯಿಸಿದ್ದು ಯಾರಿಗಾಗಿ?

ಮೇ 23

ಹತ್ತಿದಳು! ತಾನೇ! ನಾನು ಬಾಗುವಷ್ಟರಲ್ಲಿ ಜೀಪಿನೊಳಗಿದ್ದಳು. ಇಳಿಸಿ ಮತ್ತೆ ಹತ್ತಿಸಿ ವಿಡಿಯೋ ಮಾಡಿದೆ. ವಿಸಾಗಿಗೂ ಕಳಿಸಿದೆ. ನೋಡಿ ಹೊಟ್ಟೆ ಉರಿದುಕೊಳ್ಳಲಿ ಅಂತ.

ಮೇ 26

ಡ್ಯೂಟಿ ಪಟ್ಟಿಯಲ್ಲಿ ನ್ಯಾಲಾಳ ಹೆಸರು. ಉತ್ತರದ ಬೇಲಿಯ ಗಸ್ತು.

ಆಫೀಸಿಗೆ ನುಗ್ಗಿದೆ. ಮಾತು ಕೊಟ್ಟಿದ್ದಿರಿ ಅಂದೆ. "ಸಾಯೋ ನಾಯಿ ಬಗ್ಗೆ ಹೇಳಿದ್ದು. ನೀನೇ ಕಳಿಸಿದೀಯಲ್ಲ ವಿಡಿಯೋ." ನಡೆಸಬಹುದು, ಓಡಿಸಬಾರದು ಅಂತ ಬಾಯಲ್ಲೂ ಹೇಳಿ, ರಾಮಾನೊ ಬರೆದುಕೊಟ್ಟ ಚೀಟಿ ಕೊಟ್ಟೆ. ಓದದೆ ಜೇಬಿಗಿಟ್ಟ.

ಆ ವಿಡಿಯೋ... ನನ್ನ ಕೈ ಮುರಿಯ.

ಜೂನ್ 8, ಭಾನುವಾರ

ಚರ್ಚಿನಿಂದ ಬಂದೆ. ಗೂಡು ಖಾಲಿ. ನನ್ನ ರಜೆ ನೋಡಿಯೇ ವಿಸಾಗಿ ಅವಳನ್ನು ಗಸ್ತಿನ ಹುಡುಗ ಮಿಕಾನ ಜೊತೆ ಕಳಿಸಿದ್ದ. ಹನ್ನೊಂದು ಕಿಲೋಮೀಟರ್ ಜಾಡು. ಬೇಟೆಗಾರನೊಬ್ಬ ಸಿಕ್ಕಿಬಿದ್ದ. ಅವಳನ್ನು ಹೊತ್ತು ತಂದರು.

ಮಿಕಾ ತಲೆ ಎತ್ತಲಿಲ್ಲ. "ಹಗ್ಗ ನೋಡಿದ ಕೂಡಲೇ ಬಾಲ ಆಡಿಸಿದಳಕ್ಕ. ನನ್ನನ್ನೇ ಎಳಕೊಂಡು ಓಡಿದಳು."

ಓಡುತ್ತಾಳೆ. ನೋವು ಹೋಗಿದೆ ಅಂತ ಅವಳಿಗೆ ಗೊತ್ತು, ಕೀಲು ಸವೆದಿದೆ ಅಂತ ಗೊತ್ತಿಲ್ಲ. ಅದು ಗೊತ್ತಿದ್ದವನ ಜೇಬಲ್ಲೇ ಚೀಟಿ ಇತ್ತು. ಆ ವಿಸಾಗಿ ಅಂಗಳದಲ್ಲಿ ಅವಳ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಅವನ ಕೈಯಿಂದ ಕೊರಳಪಟ್ಟಿ ಕಿತ್ತುಕೊಂಡೆ. ಬೈದೆ. ಏನು ಬೈದೆ ಅಂತ ನೆನಪಿಲ್ಲ.

ಜೂನ್ 10

ಪೊಲೊಕ್ವಾನೆಯಲ್ಲಿ ಮತ್ತೆ ಎಕ್ಸ್‌ರೇ. ಮೂಳೆ ಮುರಿದಿಲ್ಲ. ಕೀಲು ಊದಿದೆ. ಬೆಳೆಸಿದ ಕೋಶ ಲ್ಯಾಬಿನಲ್ಲಿ ಇನ್ನೂ ಉಳಿದಿವೆಯಂತೆ. ಆದರೆ ರಾಮಾನೊ ಕನ್ನಡಕ ತೆಗೆದು ಹೇಳಿದರು: "ಮತ್ತೆ ಓಡಿಸೋದಕ್ಕೇ ಆದರೆ ನಾನು ಚುಚ್ಚಲ್ಲ, ರುಲಾನಿ."

ಕಾಡಿಗೆ ವಾಪಸ್ ಹೋಗಲಿಲ್ಲ. ನ್ಯಾಲಾಳನ್ನು ಕಂಬಳಿಯಲ್ಲಿ ಸುತ್ತಿ, ವ್ಯಾನ್ ಹಿಡಿದು ಅಮ್ಮನ ಮನೆಗೆ ಬಂದೆ.

ಜೂನ್ 13, ಬೆಳಿಗ್ಗೆ 10

ಗೇಟಿನಲ್ಲಿ ಪೊಲೀಸ್ ಗಾಡಿ. ಹಿಂದಿನ ಸೀಟಿನಲ್ಲಿ ವಿಸಾಗಿ. ಕಳವಿನ ದೂರಂತೆ. ಅಮ್ಮ ಗಂಜಿಯ ಸೌಟು ಹಿಡಿದೇ ಹೊರಗೆ ಹೋದಳು. ಅವಳ ದನಿ ಕೇಳುತ್ತಿದೆ: "ಬನ್ನಿ ಅಪ್ಪಾ, ಕೂತ್ಕೊಳ್ಳಿ. ಮೆಲ್ಲಗೆ ಮಾತಾಡಿ, ನಾಯಿಗೆ ಈಗಷ್ಟೇ ನಿದ್ದೆ ಹತ್ತಿದೆ."

ಎಕ್ಸ್‌ರೇ ತೆಗೆದುಕೊಂಡೆ. ಎರಡೂ, ಮಾರ್ಚಿನದು ಮತ್ತು ಮೊನ್ನೆಯದು. ಎಲ್ಲರೆದುರೇ ಹೇಳುತ್ತೇನೆ. ಮೊದಲು ಆ ಚೀಟಿ ವಿಷಯ. ಆಮೇಲೆ, ಎದ್ದರೆ ನಿನಗೇ ಇರಲಿ ಅಂದದ್ದು. ಅಮ್ಮ ಕರೆಯುತ್ತಿದ್ದಾಳೆ.